ಬಾಯಿಮಾತಿಗೆ ಬೆಲೆ ಎಷ್ಟು?

ಇಶಾ ನಮಾಝ್ ಮುಗಿಸಿ ಬಂದು ಊಟಕ್ಕೆ ಕುಳಿತಿದ್ದೆ. ಅಷ್ಟರಲ್ಲಿ ದಲ್ಲಾಳಿಯ ಫೋನ್ ಬಂತು.

"ಸಾಹೇಬ್ರೇ, ಬೆಳಿಗ್ಗೆ ಆಡಿದ ಮಾತು ಬಿಟ್ಟುಬಿಡಿ. 48 ಲಕ್ಷಕ್ಕೆ ಬೇರೆ ಪಾರ್ಟಿ ಬಂದಿದೆ."

"ಮೇಷ್ಟ್ರಿಗೆ 46ಕ್ಕೆ ಒಪ್ಪಿಗೆ ಕೊಟ್ಟಾಯಿತಲ್ಲ?"

"ಬರೀ ಬಾಯಿಮಾತು ತಾನೇ? ಒಂದು ರೂಪಾಯಿ ಅಡ್ವಾನ್ಸ್ ಪಡೆದಿಲ್ಲ, ಒಂದು ಚೀಟಿ ಬರೆದಿಲ್ಲ. ಮನೆಯವರು ಒಪ್ಪಲಿಲ್ಲ ಅಂತ ನಾನೇ ಹೇಳಿಬಿಡ್ತೀನಿ. ನೀವು ಮಾತಾಡಲೇಬೇಡಿ."

ಇದು 2019ರ ಮಾತು. ಶಿವಮೊಗ್ಗದಲ್ಲಿದ್ದ ನಮ್ಮ ತಂದೆಯ ಹಳೆಯ ಹೆಂಚಿನ ಮನೆಯನ್ನು ಮಾರಬೇಕಾಗಿತ್ತು. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. ವಾರೀಸುದಾರರು ನಾನು ಮತ್ತು ನನ್ನ ಇಬ್ಬರು ತಂಗಿಯರು. 46 ಲಕ್ಷ ಬಂದರೆ ಕೊಟ್ಟುಬಿಡೋಣವೆಂದು ಮೂವರೂ ಸೇರಿ ತೀರ್ಮಾನಿಸಿದ್ದೆವು. ಅದೇ ಬೆಲೆಗೆ ಒಬ್ಬ ಪ್ರೌಢಶಾಲಾ ಶಿಕ್ಷಕರು ಬಂದರು. ಮನೆಯ ಜಗಲಿಯಲ್ಲಿ ನಿಂತು ಅವರ ಕೈಹಿಡಿದು "ಆಯಿತು, ನಿಮಗೇ ಕೊಟ್ಟೆ" ಎಂದು ಹೇಳಿದವನು ನಾನೇ. ಮುಂಗಡ ಕೊಡಲು ಅವರು ನಾಲ್ಕು ದಿನದ ಸಮಯ ಕೇಳಿದ್ದರು.

ಆ ರಾತ್ರಿ ದಲ್ಲಾಳಿಗೆ ನಾನು ಬೇಡವೆಂದು ಹೇಳಲಿಲ್ಲ. "ಯೋಚಿಸಿ ಹೇಳುತ್ತೇನೆ, ಇನ್‌ಶಾ ಅಲ್ಲಾಹ್" ಎಂದೆ. ಮರುದಿನ ಮೇಷ್ಟ್ರ ಫೋನ್ ಬಂದಾಗ ಎತ್ತಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ. ಏಕೆಂದರೆ ನಮ್ಮಲ್ಲಿ ಅನೇಕರು ಮಾತು ತಪ್ಪುವುದು ಹೀಗೆಯೇ. ಸುಳ್ಳು ಹೇಳಿ ಅಲ್ಲ, ಫೋನ್ ಎತ್ತದೆ.

ದಲ್ಲಾಳಿ ಹೇಳಿದ್ದರಲ್ಲಿ ಕಾನೂನಿನ ದೃಷ್ಟಿಯಿಂದ ಹುರುಳಿಲ್ಲವೆನ್ನಲಾಗದು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 54ನೆಯ ಕಲಮಿನ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದ ಮೂಲಕವೇ ಆಗಬೇಕು. ಮಾರುತ್ತೇನೆಂಬ ಕರಾರು ಮಾತ್ರದಿಂದ ಆಸ್ತಿಯ ಮೇಲೆ ಯಾರಿಗೂ ಹಕ್ಕು ಹುಟ್ಟುವುದಿಲ್ಲ. 1872ರ ಕರಾರು ಕಾಯಿದೆ ಬಾಯಿಮಾತಿನ ಒಪ್ಪಂದವನ್ನು ಸಂಪೂರ್ಣವಾಗಿ ತಳ್ಳಿಹಾಕುವುದಿಲ್ಲವಾದರೂ ಜಗಲಿಯಲ್ಲಿ ಆಡಿದ ಮಾತನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ಒಬ್ಬ ಶಿಕ್ಷಕನಿಗೆ ಸುಲಭವೇ? 2016ರ ರಿಯಲ್ ಎಸ್ಟೇಟ್ ಕಾಯಿದೆಯು ಏಜೆಂಟರಿಗೆ ನೋಂದಣಿಯನ್ನೂ ಕೆಲವು ಕರ್ತವ್ಯಗಳನ್ನೂ ವಿಧಿಸಿದ್ದು ನಿಜ. ಆದರೆ ಅದು ನೋಂದಣಿಯಾಗಬೇಕಾದ ಬಡಾವಣೆ, ವಸತಿ ಸಮುಚ್ಚಯಗಳಂತಹ ಯೋಜನೆಗಳ ಮಾರಾಟಕ್ಕೆ ಸಂಬಂಧಿಸಿದ್ದು. ಒಂದು ಕುಟುಂಬ ತನ್ನ ಹಳೆಯ ಮನೆಯನ್ನು ಮಾರುವಾಗ ಜಗಲಿಯ ಮೇಲೆ ಮೂರು ಜನರ ನಡುವೆ ನಡೆಯುವ ಮಾತಿಗೆ ಅಲ್ಲಾಹನ ಹೊರತು ಬೇರೆ ಕಾವಲುಗಾರರಿಲ್ಲ.

ಹಾಗಾದರೆ ಯಾವ ನ್ಯಾಯಾಲಯವೂ ಎತ್ತಿಹಿಡಿಯದ ಮಾತು ಮಾತೇ ಅಲ್ಲವೇ?

ಇಸ್ಲಾಮ್ ವ್ಯಾಪಾರವನ್ನು ಕೀಳೆಂದು ಬಗೆದಿಲ್ಲ, ದಲ್ಲಾಳಿತನವನ್ನೂ ನಿಷೇಧಿಸಿಲ್ಲ. ದಲ್ಲಾಳಿಯ ಕೂಲಿಯಲ್ಲಿ ತಪ್ಪಿಲ್ಲವೆಂದು ಇಬ್ನು ಸೀರೀನ್, ಅತಾ, ಇಬ್ರಾಹೀಮ್ ಮತ್ತು ಹಸನ್‌ರಂತಹ ಹಿರಿಯರು ಅಭಿಪ್ರಾಯಪಟ್ಟಿದ್ದನ್ನು ಇಮಾಮ್ ಬುಖಾರಿಯವರು ತಮ್ಮ ಸಂಗ್ರಹದಲ್ಲಿ ದಾಖಲಿಸಿದ್ದಾರೆ. ಹೆಚ್ಚು ಬೆಲೆ ಕೇಳುವುದೂ ಪಾಪವಲ್ಲ. ಬಡ ಅನ್ಸಾರಿಯೊಬ್ಬರ ಹೊದಿಕೆ ಮತ್ತು ಬಟ್ಟಲನ್ನು ಪ್ರವಾದಿವರ್ಯರು(ಸ) ಸ್ವತಃ ಹರಾಜು ಹಾಕಿದ ಪ್ರಸಂಗವನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ಒಬ್ಬರು ಒಂದು ದಿರ್ಹಮ್ ಎಂದರು. ಪ್ರವಾದಿ(ಸ) ಅದಕ್ಕಿಂತ ಹೆಚ್ಚು ಕೊಡುವವರಿದ್ದಾರೆಯೇ ಎಂದು ವಿಚಾರಿಸಿದರು. ಇನ್ನೊಬ್ಬರು ಎರಡು ದಿರ್ಹಮ್ ಕೊಟ್ಟು ಕೊಂಡರು. ಅಲ್ಲಿ ಎಲ್ಲವೂ ಎಲ್ಲರ ಮುಂದೆ ನಡೆಯಿತು. ಮೊದಲು ಕೇಳಿದವರಿಗೆ ಯಾರೂ ಒಪ್ಪಿಗೆ ಕೊಟ್ಟಿರಲಿಲ್ಲ.

ಆದರೆ ಇಬ್ಬರ ನಡುವೆ ವ್ಯವಹಾರ ಕುದುರಿದ ಮೇಲೆ ಮೂರನೆಯವನು ನುಗ್ಗಿ ಅದನ್ನು ಕೆಡಿಸುವುದನ್ನು ಪ್ರವಾದಿ(ಸ) ನಿಷೇಧಿಸಿದರು. ಕೊಳ್ಳುವ ಉದ್ದೇಶವಿಲ್ಲದೆ ಬೆಲೆ ಏರಿಸುವುದಕ್ಕಾಗಿಯೇ ಹೆಚ್ಚು ಕೂಗುವುದನ್ನೂ ನಿಷೇಧಿಸಿದರು. ಅರಬಿಯಲ್ಲಿ ಇದಕ್ಕೆ ನಜ್ಶ್ ಎನ್ನುತ್ತಾರೆ. ಹಾಗೆ ನಡೆದ ಮಾರಾಟ ಸಿಂಧುವಾದರೂ ಮಾಡಿದವನು ಪಾಪಿ ಎಂದು ಹೆಚ್ಚಿನ ಕರ್ಮಶಾಸ್ತ್ರ ಪಂಡಿತರು ಹೇಳಿದ್ದಾರೆ. ಗಮನಿಸಿ, ಪತ್ರ ಸಿಂಧುವಾಗುವುದು ಬೇರೆ, ಮನುಷ್ಯ ನಿರ್ದೋಷಿಯಾಗುವುದು ಬೇರೆ. ಸಬ್ ರಿಜಿಸ್ಟ್ರಾರರ ಮುದ್ರೆಯಿಂದ ಕ್ರಯಪತ್ರ ಶುದ್ಧವಾಗಬಹುದು, ಆದರೆ ಆತ್ಮಸಾಕ್ಷಿ ಅದರಿಂದ ಶುದ್ಧವಾಗದು.

ಇಂದಿನ ದಲ್ಲಾಳಿಗಳಲ್ಲಿ ಪ್ರಾಮಾಣಿಕರು ಬೇಕಾದಷ್ಟು ಮಂದಿ ಇದ್ದಾರೆ. ಆದರೂ ಬಾಯಿಮಾತನ್ನು ಬಳಸಿ ನಡೆಯುವ ಮೂರು ವಂಚನೆಗಳು ಎಲ್ಲರಿಗೂ ಗೊತ್ತು. ಬಂದ ಬೆಲೆಯನ್ನು ಮಾಲೀಕನಿಗೆ ತಿಳಿಸದೆ ಮುಚ್ಚಿಟ್ಟು ತನ್ನವನಿಗೆ ಅಗ್ಗದಲ್ಲಿ ಕೊಡಿಸುವುದು ಮೊದಲನೆಯದು. ಇಲ್ಲದ ಗಿರಾಕಿಯನ್ನು ಸೃಷ್ಟಿಸಿ ಇರುವ ಗಿರಾಕಿಯನ್ನು ಹೆದರಿಸುವುದು ಎರಡನೆಯದು. ಒಬ್ಬನಿಗೆ "ಮುಗಿಯಿತು, ನಿಮ್ಮದೇ" ಎಂದು ಹೇಳಿ ಇನ್ನೊಬ್ಬನನ್ನು ಹುಡುಕುತ್ತಿರುವುದು ಮೂರನೆಯದು. ಎರಡೂ ಕಡೆಯಿಂದ ಕಮಿಷನ್ ಪಡೆಯುವವನ ಮೇಲೆ ಎರಡೂ ಕಡೆಯವರ ಅಮಾನತ್ತು ಇದೆ. ಅವನು ಹೊತ್ತು ಬರುವ ಪ್ರತಿಯೊಂದು ಮಾತೂ ಅಮಾನತ್ತೇ. ಅದನ್ನು ಮುಚ್ಚಿಡುವುದು, ತಿರುಚುವುದು, ಇಲ್ಲದ್ದನ್ನು ಸೇರಿಸುವುದು ಒಪ್ಪಿಸಿದ ಹಣವನ್ನು ನುಂಗಿದಂತೆಯೇ.

ಅಂದು ಹೇಳಲಾದ 48 ಲಕ್ಷದ ಗಿರಾಕಿ ನಿಜವಾಗಿ ಇದ್ದರೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಆದರೆ ದಲ್ಲಾಳಿಯನ್ನು ದೂರಿ ನಾನು ಪಾರಾಗುವಂತಿಲ್ಲ. ಅವನು ತನ್ನ ನಾಲಿಗೆಯನ್ನು ನನಗೆ ಬಾಡಿಗೆಗೆ ಕೊಡಲು ಬಂದಿದ್ದ. "ಮನೆಯವರು ಒಪ್ಪಲಿಲ್ಲ" ಎಂಬ ಸುಳ್ಳು ಅವನ ಬಾಯಿಂದ ಬಂದರೂ ಅದು ನನ್ನ ಸುಳ್ಳೇ ಆಗುತ್ತಿತ್ತು. ನನ್ನ ಪರವಾಗಿ ಆಡಿದ ಮಾತಿಗೆ ನಾಳೆ ಪರಲೋಕದಲ್ಲಿ ಉತ್ತರಿಸಬೇಕಾದವನು ನಾನಲ್ಲವೇ?

ನನ್ನ ಬಳಿ ಒಂದು ನೆಪವೂ ಇತ್ತು. ಹೆಚ್ಚಿನ 2 ಲಕ್ಷದಲ್ಲಿ ಇಬ್ಬರು ತಂಗಿಯರ ಪಾಲು ತಲಾ 50 ಸಾವಿರ. ನನ್ನ ಪಾಲಿನ ಲಾಭವನ್ನು ನಾನು ಬಿಡಬಹುದು, ಅವರದನ್ನು ಬಿಟ್ಟುಕೊಡಲು ನಾನಾರು? ಈ ಪ್ರಶ್ನೆ ಸುಳ್ಳಲ್ಲ. ಇತರರ ಪರವಾಗಿ ವ್ಯವಹರಿಸುವವನು ಅವರ ಹಿತವನ್ನು ತನ್ನ ಔದಾರ್ಯಕ್ಕೆ ಬಲಿಕೊಡುವಂತಿಲ್ಲ. ಭದ್ರಾವತಿಯಲ್ಲಿದ್ದ ಕಿರಿಯ ತಂಗಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳ ಗಂಡನಿಗೆ ಆಗ ಕೆಲಸವಿರಲಿಲ್ಲ. 50 ಸಾವಿರ ಅವಳಿಗೆ ದೊಡ್ಡ ಮೊತ್ತ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಭಾಯಿಜಾನ್, 46ಕ್ಕೆ ಕೊಡಿ ಅಂತ ನಾವು ಹೇಳಿದ ಮೇಲೆ ತಾನೇ ನೀವು ಮಾತು ಕೊಟ್ಟಿದ್ದು? ಹಾಗಾದರೆ ಆ ಮಾತು ನಮ್ಮದೂ ಆಯಿತಲ್ಲ. ಅಬ್ಬಾ ಇದ್ದಿದ್ದರೆ ಏನು ಮಾಡುತ್ತಿದ್ದರು?"

ಹಿರಿಯ ತಂಗಿಯೂ ಇದನ್ನೇ ಹೇಳಿದಳು. ನನ್ನ ನೆಪ ಅಲ್ಲಿಗೆ ಮುಗಿಯಿತು. ಅವರನ್ನು ಕೇಳದೆ ನಾನು ಮಾತು ಕೊಟ್ಟಿದ್ದರೆ ವಿಷಯ ಬೇರೆಯಾಗುತ್ತಿತ್ತು. ಆಗ ತಪ್ಪನ್ನು ಒಪ್ಪಿಕೊಂಡು ಮೇಷ್ಟ್ರಿಗೆ ಇದ್ದದ್ದನ್ನು ಇದ್ದಂತೆ ಹೇಳಬೇಕಿತ್ತು, ಇಲ್ಲವೇ ತಂಗಿಯರ ನಷ್ಟವನ್ನು ನನ್ನ ಪಾಲಿನಿಂದ ತುಂಬಬೇಕಿತ್ತು. ಯಾವ ದಾರಿಯಲ್ಲಿಯೂ "ಮನೆಯವರು ಒಪ್ಪಲಿಲ್ಲ" ಎಂಬ ಸುಳ್ಳಿಗೆ ಸ್ಥಳವಿರಲಿಲ್ಲ.

ಮೇಷ್ಟ್ರಿಗೆ ಫೋನ್ ಮಾಡಿದಾಗ ಅವರ ಧ್ವನಿ ನಡುಗುತ್ತಿತ್ತು. ನನ್ನ ಮಾತನ್ನು ನಂಬಿ ಅವರು ಬ್ಯಾಂಕಿನ ಠೇವಣಿಯನ್ನು ಅವಧಿಗೆ ಮುಂಚೆಯೇ ಮುರಿದಿದ್ದರು, ಬಾಡಿಗೆ ಮನೆ ಬಿಡುವುದಾಗಿ ಮಾಲೀಕರಿಗೆ ತಿಳಿಸಿದ್ದರು. ಬಾಯಿಮಾತು ಬರೀ ಗಾಳಿಯೆಂದು ನಾವು ಭಾವಿಸುತ್ತೇವೆ. ಆದರೆ ಕೇಳಿದವನು ಅದರ ಮೇಲೆ ಅಡಿಪಾಯ ಹಾಕಿರುತ್ತಾನೆ.

ಹಾಗೆಂದು ಎಲ್ಲವನ್ನೂ ಬಾಯಿಮಾತಿನಲ್ಲಿಯೇ ಬಿಡಬೇಕೆಂದು ಅರ್ಥವಲ್ಲ. ಕುರ್‌ಆನಿನ ಅತಿ ದೀರ್ಘ ವಚನ, ಅಲ್‌ಬಕರಃ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವುದರ ಮತ್ತು ಸಾಕ್ಷಿಗಳನ್ನು ಇರಿಸುವುದರ ಬಗ್ಗೆಯೇ ಇದೆ. ಬರೆಯುವುದು ಅಪನಂಬಿಕೆಯಲ್ಲ, ಮನುಷ್ಯನ ದೌರ್ಬಲ್ಯಕ್ಕೆ ಅಲ್ಲಾಹನು ತೋರಿದ ಕರುಣೆ. ಅಂದು ಜಗಲಿಯಲ್ಲಿಯೇ ಒಂದು ಹಾಳೆಯಲ್ಲಿ ಬೆಲೆಯನ್ನೂ ಗಡುವನ್ನೂ ಬರೆದು ಇಬ್ಬರೂ ಸಹಿ ಹಾಕಿದ್ದರೆ ನನಗೆ ಆ ಪರೀಕ್ಷೆಯೇ ಬರುತ್ತಿರಲಿಲ್ಲ.

ಆದ್ದರಿಂದ ಮನೆ ಮಾರುವವರು ಮೊದಲು ವಾರೀಸುದಾರರೆಲ್ಲರನ್ನೂ ಕೇಳಲಿ. ಮನಸ್ಸು ಗಟ್ಟಿಯಾಗಿಲ್ಲದಿದ್ದರೆ "ಇನ್ನೂ ಒಪ್ಪಿಲ್ಲ, ಬೇರೆಯವರನ್ನೂ ನೋಡುತ್ತಿದ್ದೇವೆ" ಎಂದು ನೇರವಾಗಿ ಹೇಳಲಿ. ಅದರಲ್ಲಿ ಯಾವ ಪಾಪವೂ ಇಲ್ಲ. ಅಲ್ಲಾಹನ ಹೆಸರಿನ ಇನ್‌ಶಾ ಅಲ್ಲಾಹ್ ಎಂಬ ಪವಿತ್ರ ಮಾತನ್ನು ನುಣುಚಿಕೊಳ್ಳುವ ದಾರಿಯಾಗಿ ಮಾಡದಿರಲಿ. ಒಪ್ಪಿದ ಮೇಲೆ ಗಡುವು ಮುಗಿಯುವವರೆಗೆ ಕಾಯಲಿ. ದಲ್ಲಾಳಿಗಳು ಬಂದ ಪ್ರತಿಯೊಂದು ಬೆಲೆಯನ್ನೂ ಇದ್ದಂತೆ ತಲುಪಿಸಲಿ, ಬಾರದ್ದನ್ನು ಹೇಳದಿರಲಿ.

ಮನೆ ಮೇಷ್ಟ್ರಿಗೇ ಹೋಯಿತು. ಆ 2 ಲಕ್ಷ ನೆನಪಾದಾಗ ಈಗಲೂ ಒಮ್ಮೊಮ್ಮೆ ಮನಸ್ಸು ಚುಚ್ಚುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚಾಗಿ ಚುಚ್ಚುವುದು ನಾನು ಎತ್ತದೆ ಬಿಟ್ಟ ಆ ಒಂದು ಫೋನ್. ಕೊಟ್ಟ ವಾಗ್ದಾನದ ಬಗ್ಗೆ ವಿಚಾರಣೆಯಿದೆ ಎಂದು ಕುರ್‌ಆನ್ ಎಚ್ಚರಿಸುತ್ತದೆ. ಆ ವಿಚಾರಣೆಯಲ್ಲಿ ಛಾಪಾಕಾಗದ ಎಲ್ಲಿದೆಯೆಂದು ಯಾರೂ ಕೇಳಲಾರರು.