ಲಿಂಗಪೂಜೆಗೆ ಮೊದಲಿನ ಗುಳಿಗೆ

“ಅಕ್ಕಾರ, ಪೂಜಿಗಿಂತ ಮೊದ್ಲ ಗುಳಿಗಿ ನುಂಗಿದ್ರ ನಡೀತೈತೇನ್ರಿ?”

ರಾಣೆಬೆನ್ನೂರಿನ ನನ್ನ ಔಷಧದ ಅಂಗಡಿಯಲ್ಲಿ ಥೈರಾಯ್ಡ್ ಗುಳಿಗೆಯ ಬಾಟಲಿ ಕೈಗಿಡುವಾಗ ಹೆಣ್ಣುಮಕ್ಕಳು ದನಿ ತಗ್ಗಿಸಿ ಕೇಳುವ ಮಾತಿದು. ಆ ಗುಳಿಗೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಬೇಕು, ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಚಹಾ ಕೂಡ ಕುಡಿಯಬಾರದು. ಇಷ್ಟಲಿಂಗ ಪೂಜೆಯಾಗುವ ತನಕ ಹನಿ ನೀರೂ ಮುಟ್ಟದ ಮನೆಗಳಲ್ಲಿ ಇದು ಸಣ್ಣ ತೊಡಕಲ್ಲ. ನಾನೂ ಲಿಂಗ ಕಟ್ಟಿಕೊಂಡವಳು. ಈ ಪ್ರಶ್ನೆಯನ್ನು ಹಗುರಾಗಿ ತಗೊಳ್ಳಲಾರೆ.

ಈಚೆಗೆ ಕೇಳಿದವಳು ಬ್ಯಾಡಗಿಯ ಒಂದು ಮನೆಯ ಸೊಸೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಉಗುರಿನ ಸಂದಿಯಲ್ಲಿ ಕೆಂಪು ಕೂತಿತ್ತು. ಕಣ್ಣು ಉರಿದೀತೆಂದು ಮೊಣಕೈ ಮಡಚಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮುಟ್ಟು ಮೂರು ನಾಲ್ಕು ತಿಂಗಳಿಗೊಮ್ಮೆ, ಮೈ ಭಾರ, ಗದ್ದದ ಮೇಲೆ ಕೂದಲು. ಪಿಸಿಓಡಿ, ಅಂದರೆ ಪಿಸಿಓಎಸ್, ಎಂದು ತಿಳಿದಿತ್ತು. ಹಾವೇರಿಯಲ್ಲಿ ರಕ್ತ ಪರೀಕ್ಷೆಯಾದಾಗ ಟಿಎಸ್‌ಎಚ್ ಏರಿದ್ದೂ, ಅಂದರೆ ಥೈರಾಯ್ಡ್ ಮಂದವಾಗಿರುವುದೂ ಗೊತ್ತಾಯಿತು.

ಇವೆರಡೂ ಅನೇಕರಲ್ಲಿ ಕೂಡಿಯೇ ಬರುತ್ತವೆ. ಥೈರಾಯ್ಡ್ ಮಂದವಾದರೆ ಅದೊಂದರಿಂದಲೇ ಮುಟ್ಟು ತಪ್ಪಬಹುದು, ತೂಕ ಏರಬಹುದು, ಅಂಡಾಶಯದಲ್ಲಿ ಗುಳ್ಳೆಗಳೂ ಕಾಣಬಹುದು. ಹಾಗಾಗಿಯೇ 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಒಪ್ಪಿಕೊಂಡ ಮಾನದಂಡದಲ್ಲಿ, ಇಂಥದ್ದೇ ಲಕ್ಷಣ ತೋರುವ ಬೇರೆ ಕಾಯಿಲೆಗಳಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಪಿಸಿಓಎಸ್ ಎನ್ನಬೇಕೆಂಬ ಷರತ್ತಿದೆ. ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಅದಕ್ಕೇ. ಇನ್ನೊಂದು ಮಾತೂ ಇದೆ. ದೇಹದ ರಕ್ಷಣೆಗಿರುವ ಶಕ್ತಿಯೇ ತನ್ನ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬೀಳುವ ಕಾಯಿಲೆ, 1912ರಲ್ಲಿ ಜಪಾನಿನ ಹಶಿಮೊಟೊ ವರ್ಣಿಸಿದ್ದು, ಪಿಸಿಓಎಸ್ ಇರುವ ಹೆಂಗಸರಲ್ಲಿ ಉಳಿದವರಿಗಿಂತ ಹೆಚ್ಚು ಕಾಣುತ್ತದೆ.

ಗುಳಿಗೆಯ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಲಿಂಗಕ್ಕೆ ಅರ್ಪಿಸದ್ದನ್ನು ಸೇವಿಸಬಾರದು ಎಂಬುದು ನೇಮ. ಸರಿ, ಗುಳಿಗೆಯನ್ನೂ ಅರ್ಪಿಸು. ಅಂಗೈಯಲ್ಲಿಟ್ಟು ಲಿಂಗಕ್ಕೆ ತೋರಿಸಿ, ಪ್ರಸಾದವೆಂದು ನುಂಗು, ಆಮೇಲೆ ಪೂಜೆಗೆ ಕೂಡು. ಷಟ್‌ಸ್ಥಲದಲ್ಲಿ ಪ್ರಸಾದಿಸ್ಥಲವೆಂಬುದೊಂದಿದೆ, ಬಂದದ್ದನ್ನೆಲ್ಲ ಪ್ರಸಾದವಾಗಿ ತಗೊಳ್ಳುವವರ ನೆಲೆ ಅದು. ಅನ್ನ ಪ್ರಸಾದವಾಗುವುದಾದರೆ ಔಷಧ ಯಾಕಾಗಬಾರದು? ಇಷ್ಟಾದರೂ ಮನಸ್ಸು ಒಪ್ಪದವರಿಗೆ ರಾತ್ರಿ ಊಟವಾಗಿ ಮೂರು ತಾಸಿನ ಮೇಲೆ ಮಲಗುವಾಗ ತಗೊಳ್ಳುವ ದಾರಿಯಿದೆ, ಡಾಕ್ಟರನ್ನು ಕೇಳಿ ಬದಲಿಸಿಕೊಳ್ಳಿ ಎನ್ನುತ್ತೇನೆ.

ಆದರೆ ಆ ಹುಡುಗಿ ಅಲ್ಲಿಗೆ ನಿಲ್ಲಿಸಲಿಲ್ಲ. “ಯಾವ ಜನ್ಮದ ಪಾಪಾನೋ ಅಂತಾರ ನಮ್ಮತ್ತಿ. ದೇವರಗುಡ್ಡಕ್ಕ ಹರಕಿ ಹೊತ್ತಾರ” ಎಂದಳು. ಹರಕೆಯ ಬಗ್ಗೆ ನನಗೆ ತಕರಾರಿಲ್ಲ. ಅಲ್ಲಿಯ ಮಾಲತೇಶನ ಭಂಡಾರ ನನ್ನ ಹಣೆಗೂ ಬಿದ್ದಿದೆ. ಪಾಪದ ಮಾತು ಮಾತ್ರ ಸಹಿಸಲಾಗದು. ಹೊರಗಾದ ದಿನ ದೇವರ ಕೋಣೆಗೆ ಬರಬೇಡ ಎನ್ನುವ ಮನೆಯೇ, ಮುಟ್ಟು ನಿಂತ ತಿಂಗಳು ಪಾಪಿ ಎನ್ನುತ್ತದೆ. ಶರಣರು ತೊರೆದ ಐದು ಸೂತಕಗಳಲ್ಲಿ ರಜಸ್ಸೂತಕವೂ ಒಂದು. ಅದು ಹನ್ನೆರಡನೆಯ ಶತಮಾನದಲ್ಲೇ ಇತ್ಯರ್ಥವಾದ ಸಂಗತಿ, ಅದನ್ನು ಶರಣ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರ ಇರುವ ಇದೇ ನಮ್ಮ ತಾಲ್ಲೂಕಿನಲ್ಲಿ ಇನ್ನೂ ಬಿಡಿಸಿ ಹೇಳಬೇಕಾಗಿದೆ.

ಅತ್ತೆಗೆ ಅವರ ಶಾಸ್ತ್ರದಿಂದಲೇ ಹೇಳಬಹುದು. ದೀಕ್ಷೆಯಾದವರ ಆಣವ, ಮಾಯಾ, ಕಾರ್ಮಿಕ ಮಲಗಳು ಮೂರೂ ಕಳೆಯುತ್ತವೆ ಎನ್ನುತ್ತೇವೆ. ಸೊಸೆಗೆ ಲಿಂಗ ಕಟ್ಟಿಸಿ, ಆಮೇಲೂ ಅವಳ ಹಳೆಯ ಜನ್ಮದ ಲೆಕ್ಕ ತೆಗೆದರೆ ನಂಬದೇ ಇರುವುದು ಯಾರನ್ನು? ದೀಕ್ಷೆ ಕೊಟ್ಟ ಗುರುವನ್ನೇ ಅಲ್ಲವೇ?

ಹಾಗಾದರೆ ಅದೇ ಅಂಗಳದಲ್ಲಿ ಕೂತು ಅದೇ ಕೆಲಸ ಮಾಡುವ ತಂಗಿಗಿಲ್ಲದ್ದು ಇವಳಿಗೇಕೆ ಎಂದು ಯಾರಾದರೂ ಕೇಳಿಯಾರು. ಮನೆತನದ ಒಲವು, ಪ್ರತಿಕಾಯ, ಹಾರ್ಮೋನು ಎಂದು ಹೇಗೆ ಬಂತೆಂಬುದನ್ನು ವಿವರಿಸಬಲ್ಲೆ. ಇವಳಿಗೇ ಯಾಕೆ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆ ಖಾಲಿ ಜಾಗದಲ್ಲಿ ಅವಳ ತಪ್ಪನ್ನು ತುಂಬುವ ಹಕ್ಕು ಯಾರಿಗೂ ಇಲ್ಲವೆಂಬುದು ಮಾತ್ರ ಗೊತ್ತು.

ಅತ್ತೆಯನ್ನೂ ಕರೆದುಕೊಂಡು ಬಾ ಎಂದಿದ್ದೇನೆ. ಬಸಿರಾದರೆ ಗುಳಿಗೆ ನಿಲ್ಲಿಸುವಂತಿಲ್ಲ, ಪ್ರಮಾಣ ಹೆಚ್ಚಿಸಬೇಕಾಗುತ್ತದೆ, ತಿಳಿದ ಕೂಡಲೇ ಡಾಕ್ಟರ ಬಳಿ ಹೋಗಬೇಕು ಎಂಬುದನ್ನು ಅವರೂ ಕೇಳಿಸಿಕೊಳ್ಳಬೇಕು.