ಕೊಟ್ಟರೂ ಸವೆಯದ್ದು ದಾನವೇ?

ಕೊಟ್ಟ ಮೇಲೂ ಕೊಟ್ಟವರ ಬಳಿ ಹಾಗೆಯೇ ಉಳಿಯುವ ವಸ್ತುವನ್ನು ದಾನ ಎನ್ನಬಹುದೇ? ಪ್ರಶ್ನೆ ನನ್ನ ಸೋದರಮಾವನದು. ಮೂಡುಬಿದಿರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಪೂಜೆಯ ಆಮಂತ್ರಣದ ಕರಡು ತಿದ್ದಲು ಬಂದಿದ್ದ ಅವರಿಗೆ ಮೇಜಿನ ಮೇಲೆ ಕಂಪ್ಯೂಟರ್ ಕಾಣಲಿಲ್ಲ. ಮಾನಿಟರಿನ ಹಿಂದಿದ್ದ ಅಂಗೈಯಗಲದ ಬೋರ್ಡು ತೋರಿಸಿದೆ: ರಾಸ್ಪ್‌ಬೆರಿ ಪೈ 4. ಅದರ ಅಡಾಪ್ಟರ್ 15 ವ್ಯಾಟಿನದು, ಅಷ್ಟನ್ನೂ ಅದು ಎಳೆಯುವುದು ಅಪರೂಪ. ಮಳೆಗಾಲದಲ್ಲಿ ಕರೆಂಟು ಕೈಕೊಟ್ಟರೂ ಇನ್ವರ್ಟರಿನ ಮೇಲೆ ಕೆಲಸ ಸಾಗುತ್ತದೆ. ಅದರ ಆಪರೇಟಿಂಗ್ ಸಿಸ್ಟಮ್ ಡೆಬಿಯನ್ ಲಿನಕ್ಸಿನ ಮೇಲೆ ಕಟ್ಟಿದ್ದು. 1993ರಿಂದ ಹಲವು ದೇಶಗಳ ಸ್ವಯಂಸೇವಕರು ಡೆಬಿಯನ್ನನ್ನು ಬೆಳೆಸುತ್ತ ಬಂದಿದ್ದಾರೆ, ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು ಎಂದೆ. "ಕೊಟ್ಟವರ ಹತ್ತಿರ ಅದು ಹಾಗೆಯೇ ಉಂಟಲ್ಲ ಮಾರಾಯ. ಏನೂ ಕಳಕೊಳ್ಳದೆ ಕೊಟ್ಟದ್ದು ದಾನ ಹೇಗಾಗ್ತದೆ?" ಎಂದರು.

ಜೈನರಲ್ಲಿ ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ದಾನ ನಾಲ್ಕು. ಅನ್ನ ಕೊಟ್ಟರೆ ಕಣಜ ಇಳಿಯುತ್ತದೆ. ಹಿಂದೆ ಶಾಸ್ತ್ರದಾನವೂ ಹಾಗೇ ಇತ್ತು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಗರಿ ಹದಮಾಡಿ, ಕಂಟ ಹಿಡಿದು ಒಂದೊಂದೇ ಅಕ್ಷರ ಕೊರೆದು, ಕೊರೆದ ಗೀರಿಗೆ ಮಸಿ ತುಂಬಿ ಒರೆಸಬೇಕು. ಸಾವಿರದ ಪ್ರತಿಗೂ ಮೊದಲನೆಯದರಷ್ಟೇ ಶ್ರಮ. ಲಿನಕ್ಸಿನ ಸಾವಿರದ ಪ್ರತಿಗೆ ಯಾರೂ ಬೆನ್ನು ಬಗ್ಗಿಸಬೇಕಿಲ್ಲ. ಮಾವನ ಆಕ್ಷೇಪಕ್ಕೆ ಬಲವಿರುವುದು ಇಲ್ಲೇ.

ಆದರೂ ಉಮಾಸ್ವಾತಿಗಳ ತತ್ತ್ವಾರ್ಥಸೂತ್ರ ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕುವುದಿಲ್ಲ, ಅದರ ಮೇಲಿನ ಮೂರ್ಛೆಯಲ್ಲಿ, ಮಮಕಾರದಲ್ಲಿ ಗುರುತಿಸುತ್ತದೆ. ಹಾಗಾದರೆ ದಾನ ಕೊಡುವವನು ಬಿಡಬೇಕಾದದ್ದೂ ಅದನ್ನೇ. ಲಿನಕ್ಸಿನ ಜಿಪಿಎಲ್ ಪರವಾನಗಿ ಪಡೆದವರಿಗೆ ಬಳಸಲು, ಒಳಗೆ ಏನಿದೆಯೆಂದು ಓದಲು, ತಿದ್ದಲು, ಹಂಚಲು ಅವಕಾಶ ಕೊಡುತ್ತದೆ. ತಿದ್ದಿ ಹಂಚುವವರು ತಮ್ಮ ಮೂಲ ಸಂಕೇತವನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ಬರೆದವನು ಬೀಗದ ಕೈ ಬಿಟ್ಟುಕೊಟ್ಟಿದ್ದಾನೆ. ಈ ಕಾಲದಲ್ಲಿ ಅದು ಸಣ್ಣ ತ್ಯಾಗವಲ್ಲ ಎಂದೇ ನನ್ನ ನಂಬಿಕೆ. (ನನ್ನ ಬೋರ್ಡಿನ ಫರ್ಮ್‌ವೇರ್‌ನಲ್ಲಿ ಒಂದು ಪಾಲು ಇನ್ನೂ ಬೀಗದೊಳಗೇ ಇದೆ. ಅದು ನನಗೆ ಬೇಸರದ ಸಂಗತಿ.)

ಬೀಗ ತೆರೆದರೆ ಏನಾಗುತ್ತದೆಂಬುದು ನಮ್ಮೂರಿಗೆ ಗೊತ್ತು. ಧವಲಾ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ಇಲ್ಲಿನ ಬಸದಿಯಲ್ಲಿ ಉಳಿದುಬಂದವು. ಹಿರಿಯರು ಕಾಪಾಡಿದ್ದರಿಂದಲೇ ಉಳಿದವು, ಆ ಋಣ ದೊಡ್ಡದು. ಆದರೆ ಬಹುಕಾಲ ಅವು ದರ್ಶನಕ್ಕೆ ದೊರೆತವು, ಓದಿಗೆ ದೊರೆಯಲಿಲ್ಲ. ನಕಲಾಗಿ ಹೊರಬಂದು 1939ರಲ್ಲಿ ಮೊದಲ ಸಂಪುಟ ಅಚ್ಚಾದ ಮೇಲೆಯೇ ದೂರದೂರದವರೂ ಅದನ್ನು ಓದುವಂತಾಯಿತು.

ಇಷ್ಟಾದರೂ ಮಾವನ ಮಾತನ್ನು ತಳ್ಳಿಹಾಕಲಾರೆ. ಏನೂ ಕಳೆಯುವುದಿಲ್ಲವೇ? 'ನಿರ್ಮಾಣ' ಎಂದು ಟೈಪು ಮಾಡುವಾಗ ನಾನು ಮೊದಲು 'ರ' ಒತ್ತುತ್ತೇನೆ. ಪರದೆಯ ಮೇಲೆ ಅದು ಅರ್ಕಾವೊತ್ತಾಗಿ 'ಮಾ'ದ ಆಚೆಗೆ ಹೋಗಿ ಕೂರುತ್ತದೆ. ಅದನ್ನು ಅಲ್ಲಿ ಕೂರಿಸುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ನನ್ನ ಲಿಬ್ರೆ ಆಫೀಸಿನಲ್ಲೂ ಅದೇ, ಆಂಡ್ರಾಯ್ಡ್ ಫೋನಿನಲ್ಲೂ ಅದೇ. ಕನ್ನಡಿಗರು ದಿನವೂ ಅದರ ಮೂಲಕ ಓದುತ್ತಾರೆ, ಹೆಸರು ಕೇಳಿದವರು ತೀರಾ ವಿರಳ. ಅಂಥದ್ದು ಬರೆದಿಟ್ಟರೆ ಮುಗಿಯುವುದಿಲ್ಲ. ಯಾರೋ ನಿತ್ಯ ದೋಷ ತಿದ್ದುತ್ತ, ಹೊಸ ಯಂತ್ರಕ್ಕೆ ಹೊಂದಿಸುತ್ತ, ದೂರುಗಳಿಗೆ ಉತ್ತರಿಸುತ್ತ ಇರಬೇಕು.

2024ರ ಮಾರ್ಚಿನಲ್ಲಿ ಎಕ್ಸ್‌ಝೆಡ್ ಎಂಬ ತಂತ್ರಾಂಶದಲ್ಲಿ ಕಳ್ಳಬಾಗಿಲು ಸಿಕ್ಕಿತು. ಅದನ್ನು ವರ್ಷಗಟ್ಟಲೆ ಬಹುಮಟ್ಟಿಗೆ ಒಬ್ಬರೇ, ಸಂಬಳವಿಲ್ಲದೆ, ನೋಡಿಕೊಂಡಿದ್ದರು. ಅವರು ದಣಿದಿದ್ದರು. 'ಯಾಕೆ ತಡ' ಎಂದು ಒತ್ತಡ ಹಾಕುವವರ ನಡುವೆ ಒಬ್ಬ ನೆರವಿಗೆಂದು ಬಂದು, ನಂಬಿಕೆ ಗಳಿಸಿ, ವಿಷ ಸೇರಿಸಿದ. ಡೆಬಿಯನ್ನಿನ ಪ್ರಯೋಗದ ಆವೃತ್ತಿಗಳವರೆಗೂ ಅದು ಬಂದಿತ್ತು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿ ನೋಡಿದ್ದರಿಂದ ಬಯಲಾಯಿತು.

ಪ್ರತಿ ಸವೆಯುವುದಿಲ್ಲ, ಕಾಯುವವರ ಆಯುಷ್ಯ ಸವೆಯುತ್ತದೆ. ಇದು ದಾನವೇ ಹೌದು ಎಂದು ನಾನು ಹೇಳುವುದು ಅದಕ್ಕೇ. ದಣಿದವರ, ರೋಗಿಗಳ ಸೇವೆಯನ್ನು ವೈಯಾವೃತ್ಯವೆಂದು ಅಂತರಂಗದ ತಪಸ್ಸುಗಳಲ್ಲಿ ಎಣಿಸಿದ ಪರಂಪರೆ ನಮ್ಮದು. ದಾನದ ಹೆಚ್ಚುಗಾರಿಕೆ ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕನ್ನೂ ಅವಲಂಬಿಸಿದೆ ಎನ್ನುತ್ತದೆ ಸೂತ್ರ. ಮಾವ ದ್ರವ್ಯವನ್ನು ನೋಡಿದರು. ನನ್ನನ್ನು ಕಾಡುವುದು ಪಾತ್ರ, ಅಂದರೆ ಪಡೆಯುವ ನಾವು. ಒತ್ತಕ್ಷರ ಒಡೆದಾಗ ಹೊಸ ಫಾಂಟು ಹುಡುಕಿಕೊಂಡು ಸುಮ್ಮನಾಗದೆ, ಯಾವ ಪದ, ಯಾವ ಆವೃತ್ತಿ ಎಂದು ಬರೆದು ಕಳಿಸುವುದು ನನ್ನಿಂದಾಗುವ ಕೆಲಸ, ಮಾಡುತ್ತಿದ್ದೇನೆ. ಅಷ್ಟು ಸಾಲದು. ಮದುವೆಗೆ, ಪುಣ್ಯತಿಥಿಗೆ ಶಾಸ್ತ್ರದಾನವೆಂದು ಪುಸ್ತಕ ಅಚ್ಚು ಹಾಕಿಸುವ ಮನೆತನಗಳು, ಟ್ರಸ್ಟುಗಳು ನಮ್ಮಲ್ಲಿ ಬೇಕಾದಷ್ಟಿವೆ. ಕನ್ನಡದ ಅಕ್ಷರಗಳನ್ನು ಯಂತ್ರದೊಳಗೆ ಕಾಯುವ ಒಬ್ಬರ ಒಂದು ವರ್ಷದ ಜೀವನವೆಚ್ಚವನ್ನು ಅದೇ ಹೆಸರಿನಲ್ಲಿ ಅವರು ವಹಿಸಿಕೊಳ್ಳಬಹುದು.