ಕಾಣದ್ದನ್ನು ಇದೆ ಎನ್ನುವ ಮುನ್ನ

ಮೊಳಕಾಲ್ಮೂರು ತಾಲೂಕಿನ ದೇವಸಮುದ್ರದಲ್ಲಿ ಅಮಾವಾಸ್ಯೆಯ ರಾತ್ರಿ ತಲೆಯೆತ್ತಿದರೆ ನಕ್ಷತ್ರಗಳು ಕಾಣುತ್ತವೆ. ಆದರೆ ವಿಶ್ವದ ಶೇಕಡಾ 70ರಷ್ಟು ಭಾಗ ಯಾವ ದೂರದರ್ಶಕಕ್ಕೂ ನೇರವಾಗಿ ಕಾಣದ ‘ಕಪ್ಪು ಶಕ್ತಿ’ ಎನ್ನುತ್ತಾರೆ ವಿಜ್ಞಾನಿಗಳು. ಕಾಣದ್ದನ್ನು ಇದೆ ಎನ್ನಲು ಎಷ್ಟು ಸಾಕ್ಷ್ಯ ಬೇಕು? ಇದು ಕೇವಲ ಖಗೋಳದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆಯೂ ಹೌದು.

ಸಿಡಿದ ನಕ್ಷತ್ರಗಳ ಬೆಳಕನ್ನು ಅಳೆದು, ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿದೆಯೆಂದು 1998ರಲ್ಲಿ ಎರಡು ತಂಡಗಳು ಹೇಳಿದವು. ಅವು ಪರಸ್ಪರ ಸ್ಪರ್ಧಿಗಳಾಗಿದ್ದುದರಿಂದಲೇ ಆ ಮಾತಿಗೆ ತೂಕ ಬಂತು. ಆದರೂ ಬೇರೆ ದಾರಿಯ ಸಾಕ್ಷ್ಯದ ಹುಡುಕಾಟ ನಿಲ್ಲಲಿಲ್ಲ. ಅಮೆರಿಕದ ವಿಎಲ್‌ಎ ದೂರದರ್ಶಕ ಗುರುತಿಸಿದ್ದ ಸುಮಾರು 18 ಲಕ್ಷ ರೇಡಿಯೋ ಆಕರಗಳ ನಕ್ಷೆಯನ್ನು, ವಿಶ್ವದ ಬಾಲ್ಯದಿಂದ ಉಳಿದುಬಂದ ಶಾಖದ ನಕ್ಷೆಯೊಂದಿಗೆ ಬೌನ್ ಮತ್ತು ಕ್ರಿಟೆಂಡನ್ 2004ರಲ್ಲಿ ಹೋಲಿಸಿದರು. ಗ್ಯಾಲಕ್ಸಿಗಳು ದಟ್ಟವಾಗಿರುವಲ್ಲಿ ಗುರುತ್ವದ ಹಳ್ಳವಿರುತ್ತದೆ. ಬೆಳಕು ಅದರಲ್ಲಿ ಇಳಿದು ಹತ್ತುವಷ್ಟರಲ್ಲಿ ಕಪ್ಪು ಶಕ್ತಿಯಿಂದ ಹಳ್ಳದ ಆಳ ಕಡಿಮೆಯಾದರೆ, ಬೆಳಕಿಗೆ ತುಸು ಶಕ್ತಿ ಉಳಿಯುತ್ತದೆ. ದಟ್ಟಣೆಯಿರುವ ಕಡೆ ಶಾಖ ತುಸುವೇ ಹೆಚ್ಚಿದ್ದುದು ಕಂಡಿತು. ಆದರೆ ಈ ಸುಳಿವು ತೀರಾ ಕ್ಷೀಣ. ಇದೊಂದನ್ನೇ ನಂಬಿ ತೀರ್ಪು ಕೊಡಲಾಗದು.

ಕ್ಷೀಣ ಸುಳಿವನ್ನು ಏಕೆ ಮತ್ತೆ ಮತ್ತೆ ಪರೀಕ್ಷಿಸಬೇಕು? ಇದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಮೊದಲ ನಕ್ಷತ್ರಗಳ ಕಾಲದ ರೇಡಿಯೋ ಸಂಕೇತ ಸಿಕ್ಕಿತೆಂದು ಆಸ್ಟ್ರೇಲಿಯಾದಲ್ಲಿ ಅಳತೆ ಮಾಡಿದ ‘ಎಡ್ಜಸ್’ ತಂಡ 2018ರಲ್ಲಿ ಪ್ರಕಟಿಸಿತು. ಅದನ್ನು ವಿವರಿಸಲು ಹೊಸ ಹೊಸ ಸಿದ್ಧಾಂತಗಳು ಹುಟ್ಟಿಕೊಂಡವು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ‘ಸರಸ್-3’ ಆಂಟೆನಾವನ್ನು ತೇಲಿಬಿಟ್ಟರು. ನೆಲದಡಿಯ ಕಲ್ಲುಮಣ್ಣಿನ ಪದರಗಳು ಅಳತೆಯನ್ನು ಕೆಡಿಸಬಾರದೆಂಬುದು ಅವರ ಉದ್ದೇಶ. 2022ರಲ್ಲಿ ಅವರು ಕೊಟ್ಟ ಉತ್ತರ: ಎಡ್ಜಸ್ ವಿವರಿಸಿದ ಆ ಸಂಕೇತ ಇಲ್ಲಿ ಕಾಣಲಿಲ್ಲ. ಶೇಕಡಾ 95ಕ್ಕೂ ಮೀರಿದ ಖಚಿತತೆಯಿಂದ ಅವರು ಅದನ್ನು ತಳ್ಳಿಹಾಕಿದರು.

‘ಸಿಕ್ಕಿತು’ ಎಂದವರಿಗೆ ಕೀರ್ತಿ ಬೇಗ ಬರುತ್ತದೆ. ‘ಇಲ್ಲ’ ಎಂದವರ ಶ್ರಮ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗೆಂದು ಮೊದಲ ತಂಡ ಸುಳ್ಳು ಹೇಳಿತೆಂದಲ್ಲ; ತನ್ನ ಲೆಕ್ಕವನ್ನು ಇತರರ ಪರೀಕ್ಷೆಗೆ ಬಿಚ್ಚಿಟ್ಟಿತು. ಪರೀಕ್ಷಿಸುವುದು ದ್ವೇಷವಲ್ಲ, ಪರೀಕ್ಷೆಗೆ ಒಳಗಾಗುವುದು ಅವಮಾನವೂ ಅಲ್ಲ. ಇವೆರಡೂ ಸತ್ಯಕ್ಕೆ ಸಲ್ಲಿಸುವ ಗೌರವ.

ಆದರೆ ನಮ್ಮ ನಿತ್ಯಜೀವನದಲ್ಲಿ ಏನಾಗುತ್ತಿದೆ? ನೆರೆಯವನ ಬಗ್ಗೆ, ಮತ್ತೊಂದು ಸಮುದಾಯದ ಬಗ್ಗೆ ಬಂದ ಮಾತನ್ನು ಓದಿ ಮುಗಿಸುವ ಮೊದಲೇ ಮೊಬೈಲ್‌ನಿಂದ ಹತ್ತು ಜನರಿಗೆ ದಾಟಿಸುತ್ತೇವೆ. ಕೋಟ್ಯಂತರ ಜ್ಯೋತಿರ್ವರ್ಷ ದೂರದ ಸಂಕೇತಕ್ಕೆ ಅಷ್ಟೊಂದು ವಿಚಾರಣೆ ನಡೆಯುತ್ತದೆ. ಪಕ್ಕದ ಬೀದಿಯ ಮನುಷ್ಯನ ಮಾನಕ್ಕೆ ಒಂದು ವಿಚಾರಣೆಯಾದರೂ ಬೇಡವೇ?